ಹೋಗಲು ಎರಡು, ಬರಲು ಏಳು

ಆ ಬಸ್ ನಿಲ್ದಾಣದ ಟೈಂ ಕೀಪರ್‌ಗೆ ಡ್ರೈವರುಗಳೆಲ್ಲ ಸೇರಿ ‘ಎರಡು ನಿಮಿಷ’ ಎಂದು ಹೆಸರಿಟ್ಟಿದ್ದರು. ಬಸ್ಸು ಎರಡು ನಿಮಿಷ ತಡವಾದರೂ ಸಾಕು, ಕಿಟಕಿಯಿಂದ ಕತ್ತು ಚಾಚಿ, "ಎಲ್ಲಿ ನಿಲ್ಲಿಸಿದ್ದೆ?" ಎನ್ನುವವರು. ಹೋದ ದಾರಿಯೇ ಬರುವ ದಾರಿ. ಬರುವಾಗ ಹೆಚ್ಚು ಹೊತ್ತು ಹಿಡಿದರೆ ನಡುವೆ ಎಲ್ಲೋ ಕಾಫಿ ಆಗಿದೆ ಎಂದೇ ಅರ್ಥ. ಇಪ್ಪತ್ತೆಂಟು ವರ್ಷ ಈ ಒಂದೇ ಸೂತ್ರದಿಂದ ಕಳ್ಳಾಟ ಹಿಡಿದ ಮಹಾನುಭಾವರು. ಅಂಥವರ ಕೈಗೆ ಆ ಟಿಕೆಟ್ ಸಿಗಬಾರದಿತ್ತು, ಸಿಕ್ಕಿತು.

ಹೆಂಡತಿ ಪರದೇಶದಲ್ಲಿದ್ದ ತನ್ನ ಅಕ್ಕನ ಮನೆಗೆ ಹೋಗಿ ಹನ್ನೆರಡು ದಿನ ಇದ್ದು ಬಂದಿದ್ದಳು. ಅವಳ ಸೂಟ್‌ಕೇಸನ್ನು ಅಟ್ಟಕ್ಕೇರಿಸುವಾಗ ವಿಮಾನದ ಟಿಕೆಟ್ ಜಾರಿ ಬಿತ್ತು. ಹೋಗುವಾಗ ಬೆಳಿಗ್ಗೆ ಹತ್ತಕ್ಕೆ ಬಿಟ್ಟು ಹನ್ನೆರಡಕ್ಕೆ ತಲುಪಿದೆ. ಬರುವಾಗ ಹನ್ನೊಂದಕ್ಕೆ ಬಿಟ್ಟು ಸಂಜೆ ಆರಕ್ಕೆ! ಮೂರು ಸಾವಿರ ಕಿಲೋಮೀಟರು ಎರಡೂ ಕಡೆಗೆ ಮೂರು ಸಾವಿರವೇ ತಾನೆ? ಹಾಗಾದರೆ ಆ ಐದು ಗಂಟೆ?

"ವಿಮಾನ ನಡುವೆ ಎಲ್ಲಾದ್ರೂ ನಿಂತಿತ್ತಾ?" ಊಟ ಬಡಿಸುತ್ತಿದ್ದವಳನ್ನು ಕೇಳಿದರು.

"ಅದೇನು ನಿಮ್ಮ ಬಸ್ಸೇನ್ರೀ, ಕೈ ಅಡ್ಡ ಹಾಕಿದ್ರೆ ನಿಲ್ಲೋಕೆ?" ಎಂದು ನಕ್ಕಳು.

ನಕ್ಕಿದ್ದೇ ತಪ್ಪಾಯಿತು. ಅವಳ ಜೊತೆ ಕಾಲೇಜಿನಲ್ಲಿ ಓದಿದವನೊಬ್ಬ ಆ ಕಡೆ ಎಲ್ಲೋ ಇದ್ದಾನೆಂದು ಎಂದೋ ಕೇಳಿದ್ದು ನೆನಪಾಯಿತು. ನಾಲ್ಕು ದಿನ ಅವಳ ಫೋನು ಗುಂಯ್ ಎಂದಾಗಲೆಲ್ಲ ಇವರ ಕಿವಿ ನಿಮಿರಿತು. ಹೊಸ ಶಾಲು ಕಂಡರೆ ಅನುಮಾನ, ಹಾಡು ಗುನುಗಿದರೆ ಇನ್ನೂ ಅನುಮಾನ. ಪಾಪ, ಅವಳು ತರಕಾರಿ ಹೆಚ್ಚುವಾಗ ಮೊದಲಿನಿಂದಲೂ ಗುನುಗುವವಳೇ!

ಐದನೆಯ ದಿನ ಬೆಳಿಗ್ಗೆ ಏಳಕ್ಕೆ, ಅವಳು ಸ್ನಾನದಲ್ಲಿದ್ದಾಗ, ಅವಳಕ್ಕನಿಗೆ ಫೋನ್ ಮಾಡಿದರು.

"ಅಯ್ಯೋ, ಯಾರಿಗೇನಾಯ್ತು?" ಅತ್ತಿಗೆ ಗಾಬರಿಯಿಂದ ಕೇಳಿದರು. "ಇನ್ನೂ ನಾಲ್ಕೂವರೆ!"

"ಯಾರಿಗೂ ಏನೂ ಆಗಿಲ್ಲ ಅತ್ತಿಗೆ. ಅವತ್ತು ಇವಳು ವಿಮಾನ ಹತ್ತಿದ್ದನ್ನ ನೀವು ಕಣ್ಣಾರೆ ನೋಡಿದ್ರಾ? ಹೋಗೋಕೆ ಎರಡೇ ಗಂಟೆ, ಬರೋಕೆ ಏಳು ಗಂಟೆ ಹಿಡಿದಿದೆ."

ಅತ್ತಿಗೆ ದೊಡ್ಡದಾಗಿ ಆಕಳಿಸಿದರು. "ನಿಮ್ಮಲ್ಲಿ ಈಗ ಏಳು, ನಮ್ಮಲ್ಲಿ ನಾಲ್ಕೂವರೆ. ಟಿಕೆಟಲ್ಲಿ ಆಯಾ ಊರಿನ ಗಂಟೆ ಹಾಕಿರ್ತಾರೆ. ಇದನ್ನ ಕೇಳೋಕೆ ಎಬ್ಬಿಸಿದ್ರಾ?"

ಅವರು ಹೋಗುವುದಕ್ಕೆ ಆ ಎರಡೂವರೆ ಗಂಟೆಯ ವ್ಯತ್ಯಾಸ ಕೂಡಿಸಿದರು, ಬರುವುದರಲ್ಲಿ ಎರಡೂವರೆ ಕಳೆದರು. ಎರಡೂ ನಾಲ್ಕೂವರೆ ಗಂಟೆ! ಹೋದ ಜೀವ ಬಂದಂತಾಯಿತು. ನಗುತ್ತಲೇ ತಿರುಗಿದರೆ ಒದ್ದೆ ತಲೆಯಲ್ಲಿ ಹೆಂಡತಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಲೆಕ್ಕ ಸರಿಹೋಯ್ತು ಕಣೇ," ಎಂದರು.

"ನನ್ನನ್ನೇ ಒಂದು ಮಾತು ಕೇಳಬಹುದಿತ್ತು."

ಅಷ್ಟೇ ಅಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ಮನೆಯಲ್ಲಿ ಬೇಕಾದಷ್ಟೇ ಮಾತು.

ಮುಂದಿನ ತಿಂಗಳು ಮತ್ತೆ ಅಕ್ಕನ ಮನೆಗೆ ಹೊರಟಳು. ಈ ಸಲ ಟಿಕೆಟನ್ನು ತಾನೇ ತಂದು ಅವರ ಮುಂದಿಟ್ಟಳು. ಹತ್ತಕ್ಕೆ ಬಿಟ್ಟು ಹನ್ನೆರಡಕ್ಕೆ. ಅವರು ಹಾಳೆ ತಿರುವಿದರು. ಹಿಂದೆ ಏನೂ ಇರಲಿಲ್ಲ.

"ಬರೋದು?"

"ಅದನ್ನ ತಗೊಂಡಿಲ್ಲ," ಎಂದು ಅವಳು ಸೂಟ್‌ಕೇಸಿನ ಜಿಪ್ ಎಳೆದಳು.