ಗಾಳಿ ಇಳಿಸಿದ ದಿನ

"ಟ್ರೇಲರ್ ಟೈರ್‌ಗಳ ಗಾಳಿ ಸ್ವಲ್ಪ ಇಳಿಸಪ್ಪಾ," ಎಂದರು ಟ್ರ್ಯಾಕ್ಟರ್‌ನಿಂದ ಇಳಿದ ನಂಜಪ್ಪನವರು. ಕುಂದಾಣದ ನನ್ನ ಪಂಕ್ಚರ್ ಅಂಗಡಿಗೆ ಎಲ್ಲರೂ ಗಾಳಿ ತುಂಬಿಸಲು ಬರುವವರೇ. ಇಳಿಸಿದರೆ ಟೈರ್ ಬೇಗ ಹಾಳಾಗುತ್ತದೆ ಎಂದೆ. ಅವರು ಟ್ರೇಲರ್ ಕಡೆ ಕೈ ತೋರಿಸಿದರು. ಒಳಗೆ ಹಾಸಿಗೆಯ ಮೇಲೆ ಅವರ ಹೆಂಡತಿ ಮಲಗಿದ್ದರು. ಕ್ಯಾನ್ಸರ್ ಮೂಳೆಗೆ ಹರಡಿತ್ತು. ರಾಗಿ ಹೊಲವನ್ನು ಒಮ್ಮೆ ನೋಡಬೇಕೆಂದು ಕೇಳಿದ್ದರಂತೆ. ಆ ದಾರಿಯಲ್ಲಿ ಕಾರು ಹೋಗುವುದಿಲ್ಲ.

"ಕುಲುಕಿದ್ರೆ ಅವ್ಳು ನೋವು ತಡ್ಕೊಳಲ್ಲ ಕಣಪ್ಪಾ. ಟೈರ್ ಹೋದ್ರೆ ಹೋಗ್ಲಿ."

ಗಾಳಿ ಇಳಿಸಿ ನಾನೂ ಜೊತೆಗೆ ಹೋದೆ. ಹೊಲದಲ್ಲಿ ನಂಜಪ್ಪನವರು ಒಂದು ತೆನೆ ಕಿತ್ತು ಆಕೆಯ ಕೈಗಿಟ್ಟರು. "ದಾರೀಲಿ ನೋಯ್ಲೇ ಇಲ್ಲ ಕಣ್ರೀ," ಎಂದರು ಆಕೆ. ದಿಂಬು ಮಾತ್ರ ಕಣ್ಣೀರಿನಿಂದ ಒದ್ದೆಯಾಗಿತ್ತು.

ಕೊಯ್ಲಿಗೆ ಮೊದಲೇ ಆಕೆ ತೀರಿಕೊಂಡರು. ಈಗಲೂ ಅಂಗಡಿ ಮುಂದೆ ಟ್ರ್ಯಾಕ್ಟರ್ ನಿಂತರೆ, ಗಾಳಿ ಪೈಪು ಹಿಡಿಯುವ ಮೊದಲು ನನ್ನ ಕಣ್ಣು ಹಿಂದಿನ ಟ್ರೇಲರ್ ಕಡೆ ಹೋಗುತ್ತದೆ.