ವೇ ಬ್ರಿಡ್ಜ್ ಮೇಲಿನ ಅರವತ್ತು ಕೆಜಿ

ಹೊಸ ಕಂಪ್ಯೂಟರಿಗೆ ನಿಂಬೆಹಣ್ಣು ಕಟ್ಟುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಶಿವಮೊಗ್ಗದ ವಿನೋಬನಗರದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ನನ್ನ ಪ್ರಕಾರ ದೆವ್ವ, ಗಾಳಿ, ದೃಷ್ಟಿ ಎಲ್ಲವೂ ಸಡಿಲವಾದ ಕೇಬಲ್ಲಿಗೆ ಜನ ಇಟ್ಟ ಹೆಸರುಗಳು. ಈಗಲೂ ಬಹುಮಟ್ಟಿಗೆ ಹಾಗೆಯೇ ಅಂದುಕೊಳ್ಳುತ್ತೇನೆ. ಭದ್ರಾವತಿಯ ಒಂದು ಮಧ್ಯಾಹ್ನ ಮಾತ್ರ ಇವತ್ತಿಗೂ ನನ್ನನ್ನು ಸತಾಯಿಸುತ್ತಿದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಭದ್ರಾವತಿಯ ಹೊರಗೆ ರಸ್ತೆ ಪಕ್ಕದಲ್ಲಿ ಸರೋಜಕ್ಕ ಎಂಬುವರದೊಂದು ವೇ ಬ್ರಿಡ್ಜ್ ಇತ್ತು. ಕಬ್ಬು, ಗುಜರಿ ಕಬ್ಬಿಣ ಹೊತ್ತ ಲಾರಿಗಳು ಅದರ ಮೇಲೆ ನಿಂತು, ತೂಕದ ಚೀಟಿ ಪಡೆದು ಹೋಗುತ್ತಿದ್ದವು. ಚೀಟಿ ಕೊಡುವ ಪ್ರೋಗ್ರಾಮನ್ನು ಅವರ ಗಂಡ ತಾವೇ ಕಲಿತು, ವಿಂಡೋಸಿಗಿಂತ ಹಳೆಯದಾದ ಡಾಸ್‌ನಲ್ಲಿ ಬರೆದಿದ್ದರು. ಅವರು ತೀರಿಕೊಂಡ ಮರುವರ್ಷ ಹಳೆಯ ಕಂಪ್ಯೂಟರೂ ಸುಟ್ಟುಹೋಯಿತು. ಹೊಸದರಲ್ಲಿದ್ದ ವಿಂಡೋಸ್, ಫ್ಲಾಪಿಯಲ್ಲಿ ಉಳಿದಿದ್ದ ಆ ಪ್ರೋಗ್ರಾಮನ್ನು ಹತ್ತಿರ ಸೇರಿಸಲಿಲ್ಲ. ಲಾರಿಗಳು ಬೇರೆ ಕಡೆ ತಿರುಗತೊಡಗಿದವು. ಆಗ ನನ್ನನ್ನು ಕರೆಸಿದರು.

"ಬೇರೆ ಪ್ರೋಗ್ರಾಂ ಹಾಕ್ಕೊಡ್ತೀನಿ ಸರೋಜಕ್ಕ" ಅಂದೆ.

"ಬೇಡ ಮಾರಾಯ. ಅವರು ಮಾಡಿದ್ದೇ ನಡೀಬೇಕು. ಇಲ್ಲಾಂದ್ರೆ ಬಾಗಿಲು ಹಾಕ್ತೀನಿ" ಅಂದರು.

ಉಚಿತವಾಗಿ ಸಿಗುವ ಒಂದು ಡಾಸನ್ನು ಇಂಟರ್ನೆಟ್ಟಿನಿಂದ ಇಳಿಸಿ, ಸಿಡಿಗೆ ಹಾಕಿಕೊಂಡು ಹೋದೆ. ಹೇಳಿದಷ್ಟು ಸುಲಭವಾಗಿರಲಿಲ್ಲ. ಒಮ್ಮೆ ಕೀಬೋರ್ಡ್ ಕೆಲಸ ಮಾಡದು, ಅದು ಸರಿಹೋದರೆ ಪ್ರಿಂಟರ್ ಮೂಕ. ಎರಡೂ ಸರಿಯಾದ ಮೇಲೆ ಪ್ರೋಗ್ರಾಂ ತೆರೆದ ಕೂಡಲೇ ಭಾಗಾಕಾರದ ತಪ್ಪು ಎಂದು ಹೇಳಿ ನಿಂತುಬಿಡುತ್ತಿತ್ತು. ಕಾರಣ ಹುಡುಕಿದರೆ, ಹೊಸ ಕಂಪ್ಯೂಟರ್ ತೀರಾ ಬೇಗ ಓಡುತ್ತದಂತೆ. ಬೇಗ ಓಡುವುದೂ ಒಂದು ರೋಗವಾದರೆ ನನ್ನಂಥವನು ಏನು ಮಾಡಬೇಕು? ಬಸ್ಸಿನ ಕಂಡಕ್ಟರು ನನ್ನ ಮುಖ ನೋಡಿಯೇ "ಇನ್ನೂ ಆಗ್ಲಿಲ್ವಾ ಸಾರ್?" ಎಂದು ಕೇಳುವಂತಾಯಿತು. ಕೊನೆಗೆ ಪ್ರೋಗ್ರಾಮಿಗೊಂದು ತೇಪೆ ಹಾಕಿ ಓಡಿಸಿದೆ.

ಹೊರಗೆ ಪ್ಲಾಟ್‌ಫಾರಂ ಖಾಲಿಯಿತ್ತು. ಮೇಜಿನ ಮೇಲೆ ತೂಕ ತೋರಿಸುವ ಪೆಟ್ಟಿಗೆಯಲ್ಲಿ ಸೊನ್ನೆ. ಕಂಪ್ಯೂಟರಿನ ಪರದೆಯಲ್ಲಿ ಮಾತ್ರ ಅರವತ್ತು ಕೆಜಿ. ನನಗೆ ಅಳುವುದೊಂದು ಬಾಕಿ. ಪೆಟ್ಟಿಗೆಯಿಂದ ಬರುವ ಕೇಬಲ್ ಕಿತ್ತೆ, ಅರವತ್ತು. ಕಂಪ್ಯೂಟರ್ ಆರಿಸಿ ಮತ್ತೆ ಹಾಕಿದೆ, ಆಗಲೂ ಅರವತ್ತು. ಎಲ್ಲಿಂದ ಬರುತ್ತಿದೆ ಈ ಹಾಳು ಅರವತ್ತು ಎಂದು ಗಟ್ಟಿಯಾಗಿಯೇ ಬೈದೆ.

ಹಿಂದೆ ನಿಂತಿದ್ದ ಸರೋಜಕ್ಕ ಪರದೆಯ ಹತ್ತಿರ ಬಂದರು. "ದಿನಾ ಬೆಳಿಗ್ಗೆ ಮೊದಲನೇ ಲಾರಿ ಬರೋ ಮುಂಚೆ ಅವರೇ ಚಪ್ಪಲಿ ಬಿಟ್ಟು ಅದರ ಮೇಲೆ ನಿಲ್ತಿದ್ರು. ತೂಕದ ಕಾಟಾ ಸರಿ ಇದ್ಯಾ ಅಂತ ನಾನು ಇಲ್ಲಿ ನೋಡಿ ಹೇಳ್ಬೇಕಿತ್ತು. ಅರವತ್ತೇ ಬರ್ತಿತ್ತು" ಅಂದರು.

ಆಮೇಲೆ ಕಿಟಕಿಯ ಕಡೆ ತಿರುಗಿ, ದಿನವೂ ಹೇಳಿ ರೂಢಿಯಾದ ದನಿಯಲ್ಲಿ ಹೇಳಿದರು. "ಸರಿ ಇದೆ. ಇಳೀರಿ."

ಪರದೆಯಲ್ಲಿ ಸೊನ್ನೆ ಬಂತು. ಕಿತ್ತ ಕೇಬಲ್ ಇನ್ನೂ ನನ್ನ ಕೈಯಲ್ಲೇ ಇತ್ತು.

ಆ ಪ್ರೋಗ್ರಾಮಿನ ಫೈಲುಗಳನ್ನೆಲ್ಲ ಅಂಗಡಿಗೆ ತಂದು ಜಾಲಾಡಿದೆ. ಅರವತ್ತು ಬರುವುದಕ್ಕೆ ಅಲ್ಲಿ ಯಾವ ಕಾರಣವೂ ಸಿಗಲಿಲ್ಲ. ವೇ ಬ್ರಿಡ್ಜ್ ಚೆನ್ನಾಗಿ ನಡೆಯಿತು, ಲಾರಿಗಳೂ ವಾಪಸ್ಸು ಬಂದವು. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಸರೋಜಕ್ಕ ಫೋನ್ ಮಾಡಿದರು. "ಬೆಳಿಗ್ಗೆ ಬಾಗಿಲು ತೆಗೆದ್ರೆ ಬರೀ ಸೊನ್ನೆ ತೋರಿಸುತ್ತೆ ಮಾರಾಯ. ಆ ಅರವತ್ತು ಇನ್ನೊಂದ್ಸಲ ಬರೋ ಹಾಗೆ ಮಾಡ್ಕೊಡ್ತೀಯಾ?"

ಕಂಪ್ಯೂಟರಿನ ತಪ್ಪನ್ನು ವಾಪಸ್ಸು ತಂದುಕೊಡು ಎಂದು ನನ್ನನ್ನು ಕೇಳಿದವರು ಅವರೊಬ್ಬರೇ. ಹೋದೆ. ತೇಪೆ ತೆಗೆದು ಮತ್ತೆ ಹಾಕಿದೆ, ಡಾಸನ್ನೇ ಅಳಿಸಿ ಮೊದಲಿನಿಂದ ಕೂರಿಸಿದೆ, ಕೇಬಲ್ ಕಿತ್ತು ಚುಚ್ಚಿದೆ. ಸಂಜೆಯವರೆಗೂ ಸೊನ್ನೆ ಕದಲಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂದು ಬ್ಯಾಗಿಗೆ ಸಾಮಾನು ತುಂಬುತ್ತಿದ್ದಾಗ ಸರೋಜಕ್ಕ ಕಾಫಿ ತಂದಿಟ್ಟರು.

"ಇಳೀರಿ ಅಂತ ನಾನು ಹೇಳ್ಬಾರ್ದಿತ್ತು, ಅಲ್ವಾ?" ಅಂದರು.

ಕಾಫಿ ಅಲ್ಲೇ ಬಿಟ್ಟು, ಬ್ಯಾಗಿನಿಂದ ಸಿಡಿಯನ್ನು ಮತ್ತೆ ಹೊರಗೆ ತೆಗೆದೆ.