ಜಿಪ್ಪಕ್ಕನ ಬಾಗಿಲಲ್ಲಿ ಎಳೆದ ಗೆರೆ

ನಗರದ ಸಾರಿಗೆ ಕಚೇರಿಯಲ್ಲಿ ನನ್ನ ಕೆಲಸ ಜನರನ್ನು ಎಣಿಸುವುದಾಗಿತ್ತು. ನಿನ್ನ ತಲೆಗೆ ತಕ್ಕ ಕೆಲಸ ಎಂದು ಅಪ್ಪ ಹೇಳುತ್ತಿದ್ದರು, ಅದು ಹೊಗಳಿಕೆಯಾಗಿರಲಿಲ್ಲ. ಫುಟ್‌ಪಾತಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಬೇಕು. ಅದರ ಪಕ್ಕದಲ್ಲಿ ಕೂತು, ಗೆರೆ ದಾಟಿದ ಪ್ರತಿಯೊಬ್ಬರಿಗೂ ಅಂಗೈಯಲ್ಲಿರುವ ಪುಟ್ಟ ಯಂತ್ರವನ್ನು ಒಂದು ಸಲ ಒತ್ತಬೇಕು. ಟಿಕ್ ಎನ್ನುತ್ತದೆ. ಕಚೇರಿಯಲ್ಲಿ ನನ್ನನ್ನು ಎಲ್ಲರೂ ಟಿಕ್ಕಪ್ಪ ಎಂದೇ ಕರೆಯುತ್ತಾರೆ.

ನಾನು ಹೇಳಹೊರಟಿದ್ದು ನನ್ನ ಅಕ್ಕನ ಕತೆ. ನಡುನಡುವೆ ನಾನೇ ನುಗ್ಗಿದರೆ ಸಹಿಸಿಕೊಳ್ಳಿ. ಅವಳ ಬದುಕಿನಲ್ಲೂ ನಾನು ಹೀಗೆಯೇ ನುಗ್ಗಿದವನು.

ಪೇಟೆಯ ನಡುವಿನ ಹಳೆಯ ಮಳಿಗೆ ಸಾಲಿನಲ್ಲಿ, ಮೂಲೆಯ ಅಂಗಡಿ ಅಕ್ಕನದು. ಆರಡಿ ಅಗಲ, ಎಂಟಡಿ ಉದ್ದ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಒಂದು ಕುರ್ಚಿ, ಮೂರು ಗೋಡೆ ತುಂಬ ನೇತಾಡುವ ಬೇರೆಯವರ ಬಟ್ಟೆ. ಹೊಸ ಬಟ್ಟೆ ಅವಳು ಹೊಲಿಯುವುದಿಲ್ಲ. ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಸಡಿಲಿಸುವುದು, ಹರಿದ ಕಂಕುಳಿಗೆ ತೇಪೆ ಹಾಕುವುದು, ಎಲ್ಲಕ್ಕಿಂತ ಹೆಚ್ಚಾಗಿ ಕೆಟ್ಟ ಜಿಪ್ಪು ಕಿತ್ತು ಹೊಸದು ಕೂರಿಸುವುದು ಅವಳ ಕೆಲಸ. ಹಾಗಾಗಿ ಇಡೀ ಬೀದಿಗೆ ಅವಳು ಜಿಪ್ಪಕ್ಕ. "ಹೊಸದನ್ನ ಯಾರು ಬೇಕಾದ್ರೂ ಹೊಲೀತಾರೆ. ಹಾಳಾದ್ದನ್ನ ಸರಿಮಾಡೋಕೆ ತಾಳ್ಮೆ ಬೇಕು," ಎನ್ನುತ್ತಾಳೆ. ಭಾವ ತೀರಿಕೊಂಡಾಗ ಅವಳಿಗೆ ಮೂವತ್ತನಾಲ್ಕು. ಮರು ತಿಂಗಳೇ ಈ ಅಂಗಡಿ ಹಿಡಿದಳು. ಇಪ್ಪತ್ತೆರಡು ವರ್ಷವಾಯಿತು. ನನ್ನ ಕಾಲೇಜು ಮುಗಿದದ್ದು ಅವಳು ಕೂರಿಸಿದ ಜಿಪ್ಪುಗಳಿಂದ. ಪರೀಕ್ಷೆಯಲ್ಲಿ ಎರಡು ಸಲ ಫೇಲಾದದ್ದು ಮಾತ್ರ ಪೂರ್ತಿ ನನ್ನ ಸ್ವಂತ ದುಡಿಮೆ.

ಅಷ್ಟು ಸಣ್ಣ ಅಂಗಡಿಯಲ್ಲಿ ಗಿರಾಕಿಗಳು ಕಾಯಲು ಜಾಗವಿಲ್ಲ. ಕುರ್ಚಿ ಇದೆ, ಆದರೆ ಅದರಲ್ಲಿ ಸಾಮಾನ್ಯವಾಗಿ ನಾನಿರುತ್ತೇನೆ. ಹಾಗಾಗಿ ಬಂದವರಿಗೆಲ್ಲ ಅಕ್ಕ ಹೇಳುವುದು ಒಂದೇ ಮಾತು: "ಇಲ್ಲೇ ಸ್ವಲ್ಪ ಓಡಾಡ್ತಾ ಇರಿ, ಕೊಡ್ತೀನಿ." ಅವರೂ ದೂರ ಹೋಗುವುದಿಲ್ಲ. ತಮ್ಮ ಕೋಟು ಒಳಗೆ ಸಿಕ್ಕಿಬಿದ್ದಿದೆಯಲ್ಲ. ಬೀದಿಯ ತಿರುವಿನ ತನಕ ಹೋಗಿ ವಾಪಸು ಬರುತ್ತಾರೆ, ಇಣುಕುತ್ತಾರೆ, ಮತ್ತೆ ಹೋಗುತ್ತಾರೆ.

ಪೇಟೆ ಬೆಳೆಯುತ್ತಿತ್ತು. ಅದರ ನಡುವೆ ಹೊಸ ರೈಲು ಮಾರ್ಗ ಬರುವುದೆಂದು ತೀರ್ಮಾನವಾಯಿತು. ನಿಲ್ದಾಣದ ಬಾಗಿಲು ಎಲ್ಲಿರಬೇಕು ಎಂದು ಗೊತ್ತುಮಾಡಲು ಎಂಟು ಮೂಲೆಗಳಲ್ಲಿ ಮೂರು ದಿನ ಜನರನ್ನು ಎಣಿಸಲು ನಮ್ಮನ್ನು ಕಳಿಸಿದರು. ನಾನು ಹಲ್ಲು ಗಿಂಜಿ ಅಕ್ಕನ ಮೂಲೆಯನ್ನೇ ಕೇಳಿ ಪಡೆದೆ. ಗೆರೆಯನ್ನು ಅವಳ ಬಾಗಿಲ ಮುಂದೆಯೇ ಎಳೆದೆ. ಇದರಲ್ಲಿ ಯಾವ ಶಾಸ್ತ್ರವೂ ಇರಲಿಲ್ಲ. ಅಲ್ಲಿ ನೆರಳಿತ್ತು, ಕುರ್ಚಿಯಿತ್ತು. "ದಾಟಿದವರನ್ನೆಲ್ಲ ಒತ್ತು, ಯೋಚನೆ ಮಾಡಬೇಡ," ಎಂದು ಮೇಲ್ವಿಚಾರಕರು ಹೇಳಿದ್ದರು. ಎರಡನೆಯ ಮಾತನ್ನು ಪಾಲಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಉಳಿದ ಮೂಲೆಗಳಿಗಿಂತ ನನ್ನ ಮೂಲೆಯ ಸಂಖ್ಯೆ ದುಪ್ಪಟ್ಟು ಬಂತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಮ್ಮ ಕಚೇರಿಯವರು. ಯೋಜನಾಧಿಕಾರಿ ಮೇಡಂ ಗೋಡೆಯ ನಕ್ಷೆಯ ಮೇಲೆ ಆ ಮೂಲೆಗೆ ಹೆಬ್ಬೆರಳು ಗಾತ್ರದ ಕೆಂಪು ಗೆರೆ ಹಾಕಿಸಿದರು. "ಪೇಟೆಯ ಜೀವ ಇರೋದು ಇಲ್ಲಿ," ಎಂದರು. ನಿಲ್ದಾಣದ ಬಾಗಿಲು ಅಲ್ಲೇ. ಹಳೆಯ ಮಳಿಗೆ ಸಾಲನ್ನು ಕೆಡವಿ ಏಳು ಅಂತಸ್ತಿನ ಕಟ್ಟಡ: ಕೆಳಗೆ ಅಂಗಡಿಗಳು, ನಡುವೆ ಕಚೇರಿಗಳು, ಮೇಲೆ ಮನೆಗಳು. ಜನ ಅಲ್ಲೇ ಬದುಕಿ, ಅಲ್ಲೇ ದುಡಿದು, ಬೇಕಾದಾಗ ಇಳಿದು ರೈಲು ಹತ್ತಬೇಕು. ಯೋಜನೆಯ ಪುಸ್ತಕ ಎಪ್ಪತ್ತು ಪುಟ. ಒಂಬತ್ತನೇ ಪುಟದಲ್ಲಿ ನನ್ನ ಸಂಖ್ಯೆ ಅಚ್ಚಾಗಿತ್ತು. ಆ ಪುಟವನ್ನು ಹನ್ನೊಂದು ಸಲ ಓದಿದೆ. ಉಳಿದ ಅರವತ್ತೊಂಬತ್ತು ಪುಟಗಳಲ್ಲಿ ನನ್ನ ಪ್ರಸ್ತಾಪವಿರಲಿಲ್ಲ, ಹಾಗಾಗಿ ಓದಲಿಲ್ಲ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಒಂದು ತಿಂಗಳು ಕೊಡೆ ಹಿಡಿದೇ ತಿರುಗಿದೆ. ಆಮೇಲೆ ಒಂದು ಮಧ್ಯಾಹ್ನ ಅಕ್ಕನ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಿದ್ದಾಗ, ಪಟ್ಟೆ ಶರ್ಟಿನ ಹಿರಿಯರೊಬ್ಬರು ಬಾಗಿಲ ಮುಂದೆ ಹಾದುಹೋದರು. ಮತ್ತೆ ಹಾದುಹೋದರು. ಐದನೇ ಸಲ ಇಣುಕಿ, "ಆಯ್ತಾ ಜಿಪ್ಪಕ್ಕ?" ಎಂದು ಕೇಳಿದರು. ಟೀ ನನ್ನ ನೆತ್ತಿಗೇರಿತು. ಪೇಟೆಯ ಜೀವ ಎಂದು ಮೇಡಂ ಕರೆದದ್ದರಲ್ಲಿ ಅರ್ಧಕ್ಕರ್ಧ ಪ್ಯಾಂಟಿಗಾಗಿ ಕಾಯುತ್ತಿದ್ದ ಇಂಥವರೇ.

ತಕ್ಷಣ ಹೋಗಿ ತಪ್ಪು ಒಪ್ಪಿಕೊಂಡೆ ಎಂದು ಬರೆಯಲು ಆಸೆ. ಬಾಯಿಗೆ ಬೀಗ ಹಾಕಿಕೊಂಡು ಕೂತೆ ಎನ್ನುವುದೇ ನಿಜ. ಅಷ್ಟರಲ್ಲಿ ಮಳಿಗೆ ಸಾಲಿಗೆ ನೋಟೀಸು ಬಂತು. ಒಂದು ಭಾನುವಾರ ಅಂಗಡಿಗೆ ಹೋದರೆ ಅಕ್ಕ ಒಬ್ಬಳೇ ಟೇಪು ಹಿಡಿದು ಮೇಜು, ಯಂತ್ರ, ಬಾಗಿಲು ಎಲ್ಲವನ್ನೂ ಅಳೆಯುತ್ತಿದ್ದಳು. ಅಳೆದದ್ದಾದ ಮೇಲೆ ಗೋಡೆಯ ಮೊಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. "ಇಪ್ಪತ್ತೆರಡು ವರ್ಷ ಆಯ್ತಲ್ಲೋ," ಎಂದಳು. ಕೆಡವುವ ಮೊದಲು ಅಂಗಡಿಯನ್ನು ಕೊನೆಯ ಸಲ ಸವರುತ್ತಿದ್ದಾಳೆ ಎಂದುಕೊಂಡೆ. ಸಾರ್ವಜನಿಕರ ಅಹವಾಲು ಸಭೆಗೆ ಹಾಕಿಕೊಂಡು ಹೋಗು ಎಂದು ಅವಳು ನನಗೊಂದು ಹೊಸ ಶರ್ಟು ಹೊಲಿದುಕೊಟ್ಟಳು. ಹೊಸದನ್ನು ಹೊಲಿಯದ ಕೈ ನನಗಾಗಿ ಹೊಲಿದಿತ್ತು. ಅದನ್ನು ನೋಡಿದ ಮೇಲೆ ನಿದ್ದೆ ಹತ್ತಲಿಲ್ಲ.

ಸಭೆಯ ದಿನ, ಆ ಶರ್ಟು ತೊಟ್ಟು, ಎಲ್ಲರ ಮುಂದೆ ಎದ್ದು ನಿಂತೆ. ನನ್ನ ಎಣಿಕೆ ತಪ್ಪು, ಕಾಯುತ್ತಿದ್ದ ಗಿರಾಕಿಗಳನ್ನು ಮತ್ತೆ ಮತ್ತೆ ಎಣಿಸಿದ್ದೇನೆ ಎಂದೆ.

ಮೇಡಂ ಕನ್ನಡಕ ತೆಗೆದರು. "ಒಬ್ಬೊಬ್ಬರನ್ನ ಎಷ್ಟು ಸಲ ಎಣಿಸಿದ್ದೀರಿ?"

"ಜಿಪ್ಪಾದ್ರೆ ಹತ್ತು ಸಲ, ಮೇಡಂ. ಗುಂಡಿಯಾದ್ರೆ ನಾಲ್ಕೇ."

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಮೂರನೇ ಸಾಲಿನಲ್ಲಿ ಅಕ್ಕ ಮಾತ್ರ ತಲೆ ತಗ್ಗಿಸಿ ಕೂತಿದ್ದಳು. ತಮ್ಮನ ತ್ಯಾಗ ಕಂಡು ಕಣ್ಣು ತುಂಬಿ ಬಂದಿರಬೇಕು ಎಂದುಕೊಂಡೆ. ನನ್ನ ಬಗ್ಗೆ ಒಳ್ಳೆಯದನ್ನು ಯೋಚಿಸುವುದರಲ್ಲಿ ನಾನು ಯಾವತ್ತೂ ಜಿಪುಣನಲ್ಲ.

ಬೇರೆಯವರಿಂದ ಮರು ಎಣಿಕೆ ಮಾಡಿಸಿದರು. ನಿಲ್ದಾಣದ ಬಾಗಿಲು ಎರಡು ಬೀದಿ ಆಚೆಗಿನ ಬೇಕರಿ ಮೂಲೆಗೆ ಹೋಯಿತು, ಏಳು ಅಂತಸ್ತೂ ಅದರ ಹಿಂದೆಯೇ ಹೋಯಿತು. ನನ್ನ ಯಂತ್ರ ಕಿತ್ತುಕೊಂಡು, ಬಸ್ಸುಗಳ ವೇಳಾಪಟ್ಟಿ ಟೈಪು ಮಾಡಲು ಕೂರಿಸಿದರು. ಅದೂ ಒಂದು ಗೌರವ ಎನ್ನುವಂತೆ ಎದೆಯುಬ್ಬಿಸಿ ಒಂದು ಸಂಜೆ ಅಂಗಡಿಗೆ ಹೋದೆ.

"ಇನ್ನು ನಿನ್ನ ಅಂಗಡೀನ ಯಾರೂ ಮುಟ್ಟೋಲ್ಲ, ಅಕ್ಕ."

ಅಕ್ಕ ಯಂತ್ರ ನಿಲ್ಲಿಸಿದಳು. ಖಾನೆಯಿಂದ ಯೋಜನೆಯ ಪುಸ್ತಕ ತೆಗೆದು, ಮಡಿಸಿಟ್ಟಿದ್ದ ಪುಟ ಬಿಡಿಸಿ ಮೇಜಿನ ಮೇಲಿಟ್ಟಳು. ನಲವತ್ತೊಂದನೇ ಪುಟ. ಹಳೆಯ ಮಳಿಗೆಗಳ ಬಾಡಿಗೆದಾರರಿಗೆ ಹೊಸ ಕಟ್ಟಡದ ಕೆಳಗೆ ಒಂದು ಅಂಗಡಿ, ಅದರ ಮೇಲೆಯೇ ಎರಡು ಕೋಣೆಯ ಮನೆ, ಹಳೆಯ ಬಾಡಿಗೆಗೇ ಕೊಡತಕ್ಕದ್ದು. ಪಕ್ಕದಲ್ಲಿ ಅಕ್ಕನ ಪೆನ್ಸಿಲ್ ಬರಹ: ಮೇಜಿನ ಅಳತೆ, ಯಂತ್ರದ ಅಳತೆ, ಹೊಸ ಬಾಗಿಲಿನ ಅಳತೆ.

ನಾನು ಎರಡು ಸಲ ಓದಿದೆ. "ಮೊದಲೇ ಹೇಳಬಾರ್ದಿತ್ತಾ?"

"ಸಾರಿಗೆ ಕಚೇರೀಲಿರೋನು ನೀನು. ನಿಂಗೆ ನಾನು ಓದಿ ಹೇಳ್ಬೇಕಿತ್ತಾ? ನಂಗೆ ಈ ಮನೆ ಸಿಗ್ಲಿ ಅಂತ ಬೇಕಂತ್ಲೇ ನನ್ನ ಬಾಗ್ಲಲ್ಲಿ ಗೆರೆ ಎಳೆದೆ ಅಂದ್ಕೊಂಡಿದ್ದೆ. ನಿನ್ನ ಕೆಲ್ಸಕ್ಕೆ ಕುತ್ತು ಬರಬಾರ್ದು ಅಂತ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ."

"ಸಭೇಲಾದ್ರೂ..."

"ನಿಜ ಹೇಳಿದ್ದು ತಪ್ಪು ಅಂತ ಎದ್ದು ನಿಂತು ಹೇಳೋಕಾಗುತ್ತೇನೋ?" ಅವಳು ಸೂಜಿಗೆ ದಾರ ಪೋಣಿಸಲು ನೋಡಿದಳು, ಆಗಲಿಲ್ಲ, ಕೆಳಗಿಟ್ಟಳು. "ನಾನು ದಿನಾ ಹೇಗೆ ಬರ್ತೀನಿ ಅಂತ ಗೊತ್ತಾ ನಿಂಗೆ?"

ಗೊತ್ತಿರಲಿಲ್ಲ. ನಾನು ಕಚೇರಿಯ ಪಕ್ಕದ ಬೀದಿಯಲ್ಲಿರುವವನು. ಒಂಬತ್ತೂವರೆಗೆ ನಾನು ಬರುವಾಗ ಅವಳು ಯಾವಾಗಲೂ ಅಂಗಡಿಯಲ್ಲೇ ಇರುತ್ತಿದ್ದಳು. ಪೇಟೆ ಬೆಳೆದು ಬಾಡಿಗೆ ಏರಿದಂತೆ ಅವಳು ಮೂರು ಸಲ ಮನೆ ಬದಲಿಸಿದ್ದಳು, ಪ್ರತಿ ಸಲವೂ ಇನ್ನಷ್ಟು ಆಚೆಗೆ. ಮೂರು ಸಲವೂ ಸಾಮಾನು ಹೊತ್ತವನು ನಾನೇ. ರಜೆಯ ದಿನ ಸ್ಕೂಟರಿನಲ್ಲಿ ಹೋಗಿ ಊಟ ಮಾಡಿ ಬರುತ್ತಿದ್ದೆ. ಬೆಳಗ್ಗೆ ಐದಕ್ಕೆ ಎದ್ದು, ಎರಡು ಬಸ್ಸು ಹಿಡಿದು, ನೋಯುವ ಮಂಡಿಯಲ್ಲಿ ನಿಂತುಕೊಂಡು ಅವಳು ಇಲ್ಲಿಗೆ ಬರುತ್ತಾಳೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಕಂಡಕಂಡವರನ್ನು ಹತ್ತು ಸಲ ಎಣಿಸಿದವನು ಸ್ವಂತ ಅಕ್ಕನನ್ನು ಒಂದು ಸಲವೂ ಎಣಿಸಿರಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

"ಇವತ್ತು ನಾನೂ ಬರ್ತೀನಿ," ಎಂದೆ.

"ಬಾ. ನಾನೇನು ಬೇಡ ಅಂದ್ನಾ?"

ಮೊದಲ ಬಸ್ಸಿನಲ್ಲಿ ಇಬ್ಬರೂ ನಿಂತೇ ಹೋದೆವು. ಇಳಿದು, ಎರಡನೆಯದಕ್ಕೆ ಕಾಯುವ ಕಡೆ ಮೇಲೆ ಚಾವಣಿಯೂ ಇರಲಿಲ್ಲ. ಒಂದು ಉದ್ದನೆಯ ಕಲ್ಲು, ಅದರ ಮೇಲೆ ಮೂರು ಹೆಂಗಸರು. ಅಕ್ಕನಿಗೆ ಅವರು ಪರಿಚಯದವರು, ಸರಿದು ಜಾಗ ಕೊಟ್ಟರು. "ನನ್ನ ತಮ್ಮ. ಬಸ್ಸಿನ ಕಚೇರೀಲೇ ಇರೋದು," ಎಂದಳು ಅಕ್ಕ. ಆ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಅವರಲ್ಲಿ ಹಿರಿಯಳಾದವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು: "ಈ ಬಸ್ಸು ಎಷ್ಟು ಹೊತ್ತಿಗೊಂದು ಬರತ್ತಪ್ಪ?"

ಹನ್ನೆರಡು ನಿಮಿಷಕ್ಕೊಂದು. ಹಿಂದಿನ ದಿನವೇ ನಾನು ಟೈಪು ಮಾಡಿದ್ದೆ. ನಾವು ಬಂದು ನಲವತ್ತು ನಿಮಿಷ ಆಗಿತ್ತು.

"ಗೊತ್ತಿಲ್ಲಮ್ಮ," ಎಂದೆ.

ಅಕ್ಕ ತನ್ನ ಚೀಲವನ್ನು ತೊಡೆಯ ಮೇಲೆತ್ತಿಕೊಂಡು ಸ್ವಲ್ಪ ಸರಿದಳು.

"ಕೂತ್ಕೋ," ಎಂದಳು. "ಇನ್ನೂ ಹೊತ್ತಿದೆ."